ಬೆಳಗಿನ ಜಾವ ಎರಡಕ್ಕೆ ಎದ್ದು ಬರೆದವರು

(ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಚಿಪ್ಸ್ ಮಾಡುವ ಫ್ಯಾಕ್ಟರಿಯಲ್ಲಿ ಒಂದು ಕೆಲಸ ಇರುತ್ತದೆ. ಕರಿದು ಬಂದ ಚಿಪ್ಸ್‌ನಲ್ಲಿ ಸೀದದ್ದು, ಕೆಟ್ಟದ್ದು ಆರಿಸಿ ತೆಗೆಯುವುದು. ನಮ್ಮ ಮನೆಗಳಲ್ಲಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರಲ್ಲ, ಹೆಚ್ಚುಕಮ್ಮಿ ಹಾಗೇ. ಆದರೆ ಇದನ್ನು ಗಂಟೆಗಟ್ಟಲೆ, ದಿನಗಟ್ಟಲೆ ಮಾಡಬೇಕು. ಕೈಗೆ, ಕಣ್ಣಿಗೆ ಬಿಡುವಿಲ್ಲ. ತಲೆ ಮಾತ್ರ ಖಾಲಿ.

ತಲೆ ಖಾಲಿ ಅನ್ನುವ ಮಾತು ಸ್ವಲ್ಪ ನೆನಪಿರಲಿ. ಮತ್ತೆ ಅಲ್ಲಿಗೆ ಬರುತ್ತೇನೆ.

1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಇಂಥ ಕೆಲಸಗಳನ್ನು ಮಾಡಿಕೊಂಡಿದ್ದ ಒಬ್ಬ ಹೆಣ್ಣುಮಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಕಪ್ಪು ಜನಾಂಗದವರು. ಆರಡಿ ಎತ್ತರ. ವಿಪರೀತ ಸಂಕೋಚ. ಬೆಳಗಿನ ಜಾವ ಎರಡು ಗಂಟೆಗೆ ಏಳುತ್ತಿದ್ದರು. ಕಥೆ ಬರೆಯುತ್ತಿದ್ದರು. ಆಮೇಲೆ ಕೆಲಸಕ್ಕೆ ಹೋಗುತ್ತಿದ್ದರು. ಹೆಸರು ಆಕ್ಟೇವಿಯಾ ಬಟ್ಲರ್.

ನಿಮ್ಮಲ್ಲಿ ಕೆಲವರು ಅವರನ್ನು ಓದಿರಬಹುದು. ಬಟ್ಲರ್ ಬಗ್ಗೆ ಮಾತು ಬಂದಾಗ ಸಾಮಾನ್ಯವಾಗಿ ಪ್ರಶಸ್ತಿಗಳಿಂದ ಶುರು ಮಾಡುತ್ತಾರೆ. ಹ್ಯೂಗೋ ಬಂತು, ನೆಬ್ಯುಲಾ ಬಂತು, 1995ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಪಡೆದ ಮೊದಲ ಸೈನ್ಸ್ ಫಿಕ್ಷನ್ ಲೇಖಕಿ ಆದರು, ಹೀಗೆ. ಎಲ್ಲ ನಿಜವೇ. ಆದರೆ ನಾನು ಅವರ ಕೂಲಿ ಕೆಲಸಗಳಿಂದ ಶುರು ಮಾಡುತ್ತೇನೆ. ಯಾಕೆಂದರೆ ಅವರ ಕಾದಂಬರಿಗಳು ಹುಟ್ಟಿದ್ದೇ ಅಲ್ಲಿ ಅಂತ ನನಗೆ ಅನ್ನಿಸಿದೆ. ಕೆಲಸದ ಜಾಗದಲ್ಲಿ, ಬಸ್ಸಿನಲ್ಲಿ, ಬೇರೆಯವರ ಮನೆಯ ಹಿತ್ತಲ ಬಾಗಿಲಲ್ಲಿ.

ಹಿತ್ತಲ ಬಾಗಿಲಿನ ಕಥೆ ಮೊದಲು ಹೇಳಿಬಿಡುತ್ತೇನೆ.

ಬಟ್ಲರ್ ಹುಟ್ಟಿದ್ದು 1947ರ ಜೂನ್ 22ರಂದು, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ. ಅಪ್ಪ ಶೂ ಪಾಲಿಶ್ ಮಾಡುತ್ತಿದ್ದರು. ಮಗಳು ಚಿಕ್ಕವಳಿದ್ದಾಗಲೇ ತೀರಿಹೋದರು. ಅಮ್ಮ ಬಿಳಿಯರ ಮನೆಗಳಲ್ಲಿ ಮನೆಗೆಲಸ ಮಾಡುತ್ತಿದ್ದರು. ಅಮ್ಮನನ್ನು ಎಳೆಯ ವಯಸ್ಸಿನಲ್ಲೇ ಶಾಲೆ ಬಿಡಿಸಿ ದುಡಿಮೆಗೆ ಹಚ್ಚಿದ್ದರು. ಅಜ್ಜಿಯ ಕಡೆಯವರು ಲೂಯಿಸಿಯಾನಾದವರು. ಅಜ್ಜಿ ಅಲ್ಲಿ ಕಬ್ಬು ಕಡಿದು ಮಕ್ಕಳನ್ನು ಸಾಕಿದವರು.

ಕೆಲವು ದಿನ ಅಮ್ಮ ಮಗಳನ್ನೂ ಕೆಲಸದ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಹುಡುಗಿ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಅಮ್ಮ ಹಿಂದಿನ ಬಾಗಿಲಿನಿಂದ ಒಳಗೆ ಹೋಗಬೇಕು. ಮನೆಯವರು ಅಮ್ಮನ ಎದುರಿಗೇ ಅಮ್ಮನ ಬಗ್ಗೆ ಮಾತಾಡುತ್ತಾರೆ, ಅಲ್ಲಿ ಯಾರೂ ಇಲ್ಲವೇ ಇಲ್ಲ ಅನ್ನುವ ಹಾಗೆ. ಅಮ್ಮ ಎಲ್ಲ ಕೇಳಿಸಿಕೊಂಡು ಸುಮ್ಮನೆ ಕೆಲಸ ಮಾಡುತ್ತಾರೆ. ಹಿತ್ತಲ ಬಾಗಿಲು ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಆಗ ಆ ಹುಡುಗಿಗೆ ಅಮ್ಮನ ಮೇಲೆ ಸಿಟ್ಟು ಬಂತಂತೆ. ಯಾಕೆ ಸಹಿಸಿಕೊಳ್ಳುತ್ತಾಳೆ, ಯಾಕೆ ತಿರುಗಿ ಮಾತಾಡುವುದಿಲ್ಲ ಅಂತ. ನಾನು ಈ ಕೆಲಸ ಯಾವತ್ತೂ ಮಾಡುವುದಿಲ್ಲ ಅಂದುಕೊಂಡಳಂತೆ. ಮುಂದೆ ದೊಡ್ಡವರಾದ ಮೇಲೆ ಬಟ್ಲರ್ ಇದನ್ನು ಬಹಳ ನೋವಿನಿಂದ ನೆನಪು ಮಾಡಿಕೊಳ್ಳುತ್ತಿದ್ದರು. ಅಮ್ಮ ಅವಮಾನ ನುಂಗಿದ್ದರಿಂದ ತನ್ನ ಹೊಟ್ಟೆಗೆ ಊಟ ಬಿತ್ತು, ತಲೆಯ ಮೇಲೆ ಸೂರು ಉಳಿಯಿತು ಅನ್ನುವುದು ಆಗ ತನಗೆ ತಿಳಿಯಲಿಲ್ಲ ಅಂತ.

ಅದೇ ಮನೆಗಳಿಂದ ಅಮ್ಮ ಇನ್ನೊಂದು ತರುತ್ತಿದ್ದರು. ಅಲ್ಲಿಯವರು ಎಸೆಯಲು ಇಟ್ಟಿದ್ದ ಪುಸ್ತಕ, ಪತ್ರಿಕೆ. ಹರಿದದ್ದು, ಮಕ್ಕಳು ಗೀಚಿದ್ದು, ಯಾವುದಾದರೂ ಸರಿ. ಹೆಚ್ಚು ಓದಲಾಗದ ಅಮ್ಮ ಮಗಳಿಗಾಗಿ ಅವನ್ನು ಹೊತ್ತು ತರುತ್ತಿದ್ದರು. ಹುಡುಗಿಗೆ ಡಿಸ್ಲೆಕ್ಸಿಯಾ ಇತ್ತು, ಶಾಲೆಯ ಓದು ನಿಧಾನ. ವಯಸ್ಸಿಗೆ ಮೀರಿದ ಎತ್ತರ ಬೇರೆ, ಓರಗೆಯ ಮಕ್ಕಳು ಆಡಿಕೊಳ್ಳುತ್ತಿದ್ದರು. ಅವಳು ಪ್ಯಾಸಡೀನಾದ ಸಾರ್ವಜನಿಕ ಲೈಬ್ರರಿಯಲ್ಲಿ ಹೋಗಿ ಕೂರುತ್ತಿದ್ದಳು. ದೊಡ್ಡದೊಂದು ಗುಲಾಬಿ ಬಣ್ಣದ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಬರೆಯುತ್ತಿದ್ದಳು.

ಹತ್ತು ವರ್ಷಕ್ಕೆ ಟೈಪ್‌ರೈಟರ್ ಬೇಕು ಅಂತ ಹಟ ಹಿಡಿದಳು. ಅಮ್ಮ ಒಂದು ರೆಮಿಂಗ್ಟನ್ ತಂದುಕೊಟ್ಟರು. ಮನೆಗೆಲಸದವರ ಸಂಬಳದಲ್ಲಿ ಹತ್ತು ವರ್ಷದ ಮಗುವಿಗೆ ಟೈಪ್‌ರೈಟರ್ ಅಂದರೆ ಅದೇನು ಸಣ್ಣ ಮಾತಲ್ಲ. ಎರಡೇ ಬೆರಳಲ್ಲಿ ಕುಟ್ಟುತ್ತಾ ಕಥೆ ಬರೆದಳು.

ಹನ್ನೆರಡು ವರ್ಷ ಆದಾಗ ಟಿವಿಯಲ್ಲಿ ಒಂದು ಸಿನಿಮಾ ಬಂತು. 1954ರ 'ಡೆವಿಲ್ ಗರ್ಲ್ ಫ್ರಮ್ ಮಾರ್ಸ್'. ಮಂಗಳ ಗ್ರಹದಿಂದ ಒಬ್ಬಳು ಬಂದು ಭೂಮಿಯ ಗಂಡಸರನ್ನು ಹೊತ್ತುಕೊಂಡು ಹೋಗುವ ಕಥೆ. ನೋಡುತ್ತಾ ನೋಡುತ್ತಾ ಹುಡುಗಿಗೆ ಅನ್ನಿಸಿತು, ಇದಕ್ಕಿಂತ ಒಳ್ಳೆಯ ಕಥೆ ನಾನೇ ಬರೆಯಬಲ್ಲೆ. ಆಮೇಲೆ ಅನ್ನಿಸಿತು, ಯಾರು ಬೇಕಾದರೂ ಬರೆಯಬಹುದು. ಕೊನೆಗೆ ಇನ್ನೊಂದು ಹೊಳೆಯಿತು: ಈ ಕಥೆ ಬರೆದವರಿಗೆ ಯಾರೋ ದುಡ್ಡು ಕೊಟ್ಟಿದ್ದಾರಲ್ಲ! ಟಿವಿ ಆರಿಸಿ ಬರೆಯಲು ಕೂತಳು. ಆಗ ಶುರುವಾದ ಕಥೆಯೇ ಬೆಳೆದು ಬೆಳೆದು ಮುಂದೆ ಅವರ ಮೊದಲ ಕಾದಂಬರಿ ಸರಣಿ ಆಯಿತು. ಇಲ್ಲೊಂದು ಮಾತು ಹೇಳಲೇಬೇಕು. 2021ರಲ್ಲಿ ನಾಸಾದ ಪರ್ಸಿವಿಯರೆನ್ಸ್ ರೋವರ್ ಮಂಗಳದ ಮೇಲೆ ಇಳಿಯಿತಲ್ಲ, ಅದು ಇಳಿದ ಜಾಗಕ್ಕೆ ಇಟ್ಟಿರುವುದು ಈ ಹುಡುಗಿಯ ಹೆಸರನ್ನೇ. ಅದನ್ನು ಓದಿದ ದಿನ ನನಗೆ ಆ ಟಿವಿ ನೆನಪಾಗಿ ಬಹಳ ಹೊತ್ತು ಏನೂ ಮಾಡಲಾಗಲಿಲ್ಲ.

ಅವರ ಚಿಕ್ಕಮ್ಮ ಒಬ್ಬರು ನರ್ಸ್ ಆಗಿದ್ದರು. ಬರೆಯುವವಳಾಗುತ್ತೇನೆ ಅಂತ ಹುಡುಗಿ ಹೇಳಿದಾಗ ಅವರು ಪ್ರೀತಿಯಿಂದಲೇ ಹೇಳಿದರು, ಕಪ್ಪು ಜನ ಲೇಖಕರಾಗುವುದಕ್ಕೆ ಆಗಲ್ಲ ಮಗಳೇ ಅಂತ. ಅದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಹುಡುಗಿ ಅಲ್ಲಿಯವರೆಗೆ ಓದಿದ್ದ ಯಾವ ಪುಸ್ತಕವನ್ನೂ, ತನಗೆ ಗೊತ್ತಿದ್ದ ಹಾಗೆ, ಕಪ್ಪು ಲೇಖಕರು ಬರೆದಿರಲಿಲ್ಲ. ಚಿಕ್ಕಮ್ಮನ ಮಾತು ತಪ್ಪು ಅಂತ ತೋರಿಸಲು ಅವಳ ಕೈಯಲ್ಲಿ ಒಂದು ಉದಾಹರಣೆಯೂ ಇರಲಿಲ್ಲ.

ಆದರೂ ಕಥೆ ಕಳಿಸುತ್ತಾ ಹೋದಳು. ಶಾಲೆಯ ವಿಜ್ಞಾನದ ಮೇಷ್ಟ್ರೊಬ್ಬರು ಅವಳ ಕಥೆಯನ್ನು ತಪ್ಪು ತಿದ್ದಿ ನೀಟಾಗಿ ಟೈಪ್ ಮಾಡಿಕೊಟ್ಟರು. ಇನ್ನೊಂದು ಸಲ, ಕಥೆ ಓದುವುದಕ್ಕೇ ಫೀಸು ಕೇಳುವ ಒಬ್ಬ ಏಜೆಂಟಿಗೆ ಅಮ್ಮ 61 ಡಾಲರ್‌ಗೂ ಮೇಲೆ ಕಟ್ಟಿದರು. ಅದು ಅವರ ಒಂದು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ. ಅದರಿಂದ ಏನೂ ಆಗಲಿಲ್ಲ. ಇದನ್ನು ಓದಿದಾಗಲೆಲ್ಲ ಆ ತಾಯಿ ಹಣ ಎಣಿಸಿ ಕೊಡುತ್ತಿರುವುದು ನನ್ನ ಕಣ್ಣ ಮುಂದೆ ಬರುತ್ತದೆ.

1965ರಲ್ಲಿ ಹೈಸ್ಕೂಲು ಮುಗಿಯಿತು. ಹಗಲು ಕೆಲಸ, ಸಂಜೆ ಪ್ಯಾಸಡೀನಾ ಸಿಟಿ ಕಾಲೇಜು. ಅಲ್ಲಿ ಕಥಾ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂತು, 15 ಡಾಲರ್. ಬರವಣಿಗೆಯಿಂದ ಬಂದ ಮೊದಲ ದುಡ್ಡು ಅದು. ಅಮ್ಮನ ಆಸೆ ಬೇರೆ ಇತ್ತು. ಮಗಳು ಸೆಕ್ರೆಟರಿ ಆಗಲಿ, ಕುರ್ಚಿಯಲ್ಲಿ ಕೂತು ಮಾಡುವ ಕೆಲಸ, ತಿಂಗಳು ತಿಂಗಳು ಸಂಬಳ. ತಾನು ಜೀವನವಿಡೀ ಮಂಡಿಯೂರಿ ನೆಲ ಒರೆಸಿದ ತಾಯಿ ಇನ್ನೇನು ಬಯಸುತ್ತಾರೆ ಹೇಳಿ?

ಮಗಳು ಆ ದಾರಿ ಹಿಡಿಯಲಿಲ್ಲ. ಬೇಕೆಂತಲೇ ಕೆಳಗಿನ ಕೆಲಸಗಳನ್ನು ಆರಿಸಿಕೊಂಡರು. ಪಾತ್ರೆ ತೊಳೆಯುವುದು, ಗೋದಾಮಿನ ಕೆಲಸ, ಫ್ಯಾಕ್ಟರಿ ಕೆಲಸ, ಫೋನಿನಲ್ಲಿ ಸಾಮಾನು ಮಾರುವುದು, ಚಿಪ್ಸ್ ಆರಿಸುವುದು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಕನ್ನಡದಲ್ಲಿ ಬರೆದೇ ಬದುಕಿದವರು ಕಡಿಮೆ. ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿದ್ದರು. ಬೇಂದ್ರೆ ಮೇಷ್ಟ್ರು. ಕುವೆಂಪು ಪ್ರಾಧ್ಯಾಪಕರು, ಆಮೇಲೆ ಕುಲಪತಿಗಳು. ತೇಜಸ್ವಿಯವರಿಗೆ ಕಾಫಿ ತೋಟ ಇತ್ತು. ಇವತ್ತೂ ಅಷ್ಟೇ, ಈ ಹಾಲಿನಲ್ಲಿ ಕೂತು ಬರೆಯುವವರೆಲ್ಲ ನಾಳೆ ಬೆಳಿಗ್ಗೆ ಎಲ್ಲೋ ಹಾಜರಿ ಹಾಕಬೇಕು. ಆದರೆ ನಮ್ಮ ಲೇಖಕರ ಕೆಲಸಗಳ ಪಟ್ಟಿ ನೋಡಿದರೆ ಹೆಚ್ಚಿನವು ತಲೆ ಬಳಸುವ ಕೆಲಸ, ಮರ್ಯಾದೆ ಇರುವ ಕೆಲಸ. ಬಟ್ಲರ್ ಲೆಕ್ಕ ಉಲ್ಟಾ. ತಲೆ ಬಳಸುವ ಕೆಲಸ ಮಾಡಿದರೆ ಮನೆಗೆ ಬರುವಷ್ಟರಲ್ಲಿ ತಲೆ ಖರ್ಚಾಗಿರುತ್ತದೆ. ಮೈ ದಣಿಸುವ ಕೆಲಸವಾದರೆ ತಲೆ ತನ್ನದಾಗಿಯೇ ಉಳಿಯುತ್ತದೆ. ನಾನು ಶುರುವಿನಲ್ಲಿ ಹೇಳಿದ ಖಾಲಿ ತಲೆ ಇದೇ. ಅದನ್ನು ಅವರು ಕಾಪಾಡಿಕೊಂಡರು. ಅದಕ್ಕೆ ಕಟ್ಟಿದ ಬೆಲೆಯೂ ದೊಡ್ಡದೇ. ಬಡತನ, ನಿದ್ದೆಗೆಟ್ಟ ಕಣ್ಣು, ಒಂಟಿತನ.

1970ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕ್ಲಾರಿಯನ್ ಅನ್ನುವ ಬರವಣಿಗೆ ಶಿಬಿರ ನಡೆಯಿತು. ಆರು ವಾರದ್ದು. ಲಾಸ್ ಏಂಜಲೀಸ್‌ನ ಒಂದು ಕಾರ್ಯಾಗಾರದಲ್ಲಿ ಅವರಿಗೆ ಕಲಿಸಿದ್ದ ಲೇಖಕ ಹಾರ್ಲನ್ ಎಲಿಸನ್ ಅವರ ಒತ್ತಾಸೆಯಿಂದ ಬಟ್ಲರ್ ಅಲ್ಲಿಗೆ ಹೋದರು. ಎರಡು ಕಥೆ ಮಾರಾಟವಾಯಿತು. ಆಯ್ತು, ಇನ್ನು ನಾನು ಲೇಖಕಿ ಅಂದುಕೊಂಡು ಊರಿಗೆ ಬಂದರು. ಆ ಎರಡರಲ್ಲಿ ಒಂದು, 'ಕ್ರಾಸೋವರ್', 1971ರಲ್ಲಿ ಬಂತು. ಇನ್ನೊಂದು, 'ಚೈಲ್ಡ್‌ಫೈಂಡರ್', ಅವರು ಬದುಕಿರುವವರೆಗೂ ಅಚ್ಚಾಗಲಿಲ್ಲ. ಅದು ಓದುಗರ ಕೈಗೆ ಬಂದದ್ದು 2014ರಲ್ಲಿ.

ಆಮೇಲೆ ಐದು ವರ್ಷ ಒಂದೇ ಒಂದು ಅಕ್ಷರ ಮಾರಾಟವಾಗಲಿಲ್ಲ.

ಐದು ವರ್ಷ ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಎರಡು ಗಂಟೆಗೆ ಅಲಾರಾಂ, ಬರೆ, ಬಸ್ಸು ಹಿಡಿ, ದುಡಿ, ಬಾ, ಮಲಗು. ಕಳಿಸಿದ್ದೆಲ್ಲ ವಾಪಸ್ಸು ಬರುತ್ತದೆ. 'ಕ್ರಾಸೋವರ್' ಕಥೆ ಓದಿದರೆ ಆ ದಿನಗಳ ಭಯ ಕಾಣುತ್ತದೆ. ಫ್ಯಾಕ್ಟರಿಯಲ್ಲಿ ದುಡಿಯುವ ಒಬ್ಬ ಒಂಟಿ ಹೆಂಗಸು, ಬದುಕು ಕೈ ಜಾರುತ್ತಿದೆ, ಹಿಡಿಯಲು ಏನೂ ಸಿಗುತ್ತಿಲ್ಲ. ತಾನು ಬರೆಯುವುದನ್ನು ಬಿಟ್ಟರೆ ಹೀಗೇ ಆಗುತ್ತೇನೆ ಅನ್ನುವ ಹೆದರಿಕೆ ಅದು. ಇನ್ನೂ ಇಪ್ಪತ್ತೈದು ಆಗಿರದವರು ಬರೆದದ್ದು.

1974ರ ಕೊನೆಯಲ್ಲಿ ಫೋನಿನಲ್ಲಿ ಸಾಮಾನು ಮಾರುವ ಕೆಲಸ ಹೋಯಿತು. ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಕೈಯಲ್ಲಿ ಸ್ವಲ್ಪ ದುಡ್ಡಿದೆ, ಅದು ಮುಗಿಯುವುದರೊಳಗೆ ಕಾದಂಬರಿ ಬರೆಯಬೇಕು ಅಂತ ಕೂತರು. ಇಲ್ಲಿ ಬರೆಯುವವರಿಗೆ ಒಂದು ಕೆಲಸಕ್ಕೆ ಬರುವ ವಿಷಯ ಇದೆ, ಕೇಳಿ. ಅವರಿಗೆ ಕಾದಂಬರಿ ಅಂದರೆ ಭಯ. ಮುನ್ನೂರು ನಾನೂರು ಪುಟ ಹೇಗೆ ಬರೆಯುವುದು? ಸಣ್ಣಕಥೆ ಮಾತ್ರ ಬರೆದು ಗೊತ್ತು, ಇಪ್ಪತ್ತು ಪುಟದ್ದು. ಹಾಗಾಗಿ ಒಂದೊಂದು ಅಧ್ಯಾಯವನ್ನೂ ಇಪ್ಪತ್ತು ಪುಟದ ಒಂದು ಕಥೆ ಅಂದುಕೊಂಡು ಬರೆದರು. ಒಂದು ಮುಗಿಸು, ಇನ್ನೊಂದಕ್ಕೆ ಹೋಗು. ಹೀಗೆ 'ಪ್ಯಾಟರ್ನ್‌ಮಾಸ್ಟರ್' ಮುಗಿಯಿತು. 1976ರಲ್ಲಿ ಡಬಲ್‌ಡೇ ಪ್ರಕಾಶನದಿಂದ ಬಂತು. ಮರುವರ್ಷ 'ಮೈಂಡ್ ಆಫ್ ಮೈ ಮೈಂಡ್', ಅದರ ಮರುವರ್ಷ 'ಸರ್ವೈವರ್'. ಐದು ವರ್ಷ ಬೆಳಗಿನ ಜಾವ ಬರೆದದ್ದೆಲ್ಲ ಒಳಗೆ ಕೂತಿತ್ತಲ್ಲ, ಬಾಗಿಲು ತೆರೆದ ತಕ್ಷಣ ಒಂದರ ಹಿಂದೆ ಒಂದು ಬಂದವು.

ಈಗ 'ಕಿಂಡ್ರೆಡ್'ಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ದಯವಿಟ್ಟು ಕೇಳಿ.

ಇದರ ಬೀಜ ಬಿದ್ದದ್ದು ಕಾಲೇಜಿನಲ್ಲಿ. ಕಪ್ಪು ಜನರ ಹೋರಾಟ ಬಿಸಿಯೇರಿದ್ದ ಕಾಲ. ಅವರ ಜೊತೆ ಓದುತ್ತಿದ್ದ ಹುಡುಗನೊಬ್ಬ ಒಂದು ದಿನ ಹೇಳಿದ: ನಮ್ಮನ್ನು ಇಷ್ಟು ಕಾಲ ಹಿಂದಕ್ಕೆ ಎಳೆದ ಈ ಹಳಬರನ್ನೆಲ್ಲ ಕೊಂದುಬಿಡಬೇಕು ಅನ್ನಿಸುತ್ತದೆ, ಆದರೆ ಹಾಗೆ ಮಾಡಿದರೆ ನನ್ನ ಅಪ್ಪ ಅಮ್ಮನಿಂದಲೇ ಶುರು ಮಾಡಬೇಕಾಗುತ್ತದೆ. ಆ ಹುಡುಗ ಓದಿದವನು, ಚರಿತ್ರೆಯ ವಿವರ ಬಟ್ಲರ್‌ಗಿಂತ ಅವನಿಗೇ ಜಾಸ್ತಿ ಗೊತ್ತಿತ್ತು. ಆದರೆ ಅವನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿರಲಿಲ್ಲ. ಬಟ್ಲರ್ ನೋಡಿದ್ದರು. ಹಳಬರು ಹೇಡಿಗಳಾಗಿದ್ದರು ಅನ್ನುತ್ತೀಯಲ್ಲ, ನಿನ್ನಂಥ ಇವತ್ತಿನ ಒಬ್ಬರನ್ನು ಎತ್ತಿ ಆ ಕಾಲಕ್ಕೆ ಹಾಕಿದರೆ ಎಷ್ಟು ದಿನ ಬದುಕುತ್ತೀಯ? ಆ ಹುಡುಗನಿಗೆ ಅವರು ಕೊಡಬೇಕಿದ್ದ ಉತ್ತರವೇ ಆ ಕಾದಂಬರಿ.

ಕಥೆ ಇದು. 1976, ಲಾಸ್ ಏಂಜಲೀಸ್ ಹತ್ತಿರ. ಡೇನಾ ಅನ್ನುವ ಕಪ್ಪು ಹೆಣ್ಣುಮಗಳು, ವಯಸ್ಸು 26, ಲೇಖಕಿ. ಇದ್ದಕ್ಕಿದ್ದಂತೆ ತಲೆ ಸುತ್ತಿ ಬರುತ್ತದೆ, ಕಣ್ಣು ಬಿಟ್ಟರೆ ನೂರೈವತ್ತು ವರ್ಷಕ್ಕೂ ಹಿಂದಿನ ಮೇರಿಲ್ಯಾಂಡ್. ಗುಲಾಮಗಿರಿಯ ಕಾಲ. ಎದುರಿಗೆ ನೀರಿನಲ್ಲಿ ಮುಳುಗುತ್ತಿರುವ ಒಬ್ಬ ಬಿಳಿಯ ಹುಡುಗ. ಅವನು ತೋಟದ ಯಜಮಾನನ ಮಗ, ಡೇನಾಳ ವಂಶದ ಪೂರ್ವಜ. ಅವನ ಜೀವಕ್ಕೆ ಅಪಾಯ ಬಂದಾಗಲೆಲ್ಲ ಇವಳನ್ನು ಆ ಕಾಲ ಎಳೆದುಕೊಳ್ಳುತ್ತದೆ. ಅವನು ಉಳಿದರೆ ತಾನೇ ಇವಳು ಹುಟ್ಟುವುದು? ಆದ್ದರಿಂದ ತನ್ನವರನ್ನು ಹೊಡೆದು ಬಡಿದು ಮಾರುವವನನ್ನು ಇವಳು ಮತ್ತೆ ಮತ್ತೆ ಕಾಪಾಡಬೇಕು. ಹೇಗೆ ಹೋಗುತ್ತಾಳೆ, ಯಾವ ಯಂತ್ರ, ಯಾವ ಶಕ್ತಿ, ಏನೂ ವಿವರಣೆ ಇಲ್ಲ. ಬಟ್ಲರ್ ಅದಕ್ಕೆ ಒಂದು ಸಾಲೂ ಖರ್ಚು ಮಾಡಲಿಲ್ಲ.

ಮೊದಲು ಗಂಡಸನ್ನು ನಾಯಕ ಮಾಡಿ ಬರೆಯಲು ಹೋಗಿದ್ದರು. ಆಗಲಿಲ್ಲ. ಈ ಕಾಲದ ಕಪ್ಪು ಗಂಡಸು ಆ ಕಾಲಕ್ಕೆ ಹೋಗಿ ತಲೆ ಎತ್ತಿ ಯಜಮಾನನ ಕಣ್ಣಿಗೆ ಕಣ್ಣಿಟ್ಟು ನೋಡಿದರೆ ಅವನನ್ನು ಆಗಲೇ ಕೊಂದುಬಿಡುತ್ತಾರೆ, ಕಥೆ ಅಲ್ಲಿಗೇ ಮುಗಿಯುತ್ತದೆ. ಹೆಂಗಸಾದರೆ ಇವಳಿಂದ ಏನು ಅಪಾಯ ಅಂತ ಬಿಡುತ್ತಾರೆ. ಅವಳು ಕಲಿಯುತ್ತಾಳೆ, ತಗ್ಗುತ್ತಾಳೆ, ನುಂಗುತ್ತಾಳೆ. ಅಮ್ಮನ ಹಾಗೆ.

ಈಗ ಕೂಲಿ ಕೆಲಸದ ವಿಷಯ. ಡೇನಾ ಮದುವೆಗೆ ಮುಂಚೆ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದಳು ಗೊತ್ತಾ? ದಿನಗೂಲಿಗೆ ಜನ ಕಳಿಸುವ ಏಜೆನ್ಸಿಯಲ್ಲಿ ಬೆಳಿಗ್ಗೆ ಹೋಗಿ ಕೂರುತ್ತಾಳೆ. ನೆಲ ಗುಡಿಸುವುದು, ಲಕೋಟೆ ತುಂಬುವುದು, ಪಾತ್ರೆ ತೊಳೆಯುವುದು, ಕಕ್ಕಸು ತೊಳೆಯುವುದು, ಚಿಪ್ಸ್ ಆರಿಸುವುದು. ಹೌದು, ಚಿಪ್ಸ್ ಕೂಡ ಆ ಪಟ್ಟಿಯಲ್ಲಿದೆ. ರಾತ್ರಿ ಬರೆದು ಹಗಲು ದುಡಿಯುವ ಅವಳು ನಿದ್ದೆಯಲ್ಲೇ ನಡೆಯುವವಳ ಹಾಗೆ ಇರುತ್ತಾಳೆ. ಮುಂದೆ ಅವಳನ್ನು ಮದುವೆಯಾಗುವ ಕೆವಿನ್, ಅವನೂ ಲೇಖಕ, ಅವಳಿಗೆ ಸಿಗುವುದು ಗೋದಾಮೊಂದರಲ್ಲಿ ಕೆಲಸ ಮಾಡುವಾಗ. ಆ ಏಜೆನ್ಸಿಗೆ ಅಲ್ಲಿಯವರು ಇಟ್ಟಿರುವ ಅಡ್ಡ ಹೆಸರು 'ಗುಲಾಮರ ಸಂತೆ'. ಡೇನಾ ತಕ್ಷಣ ಹೇಳುತ್ತಾಳೆ, ಇದು ಅದಕ್ಕೆ ತದ್ವಿರುದ್ಧ, ಇಲ್ಲಿ ನೀನು ಬಂದರೆಷ್ಟು ಬಿಟ್ಟರೆಷ್ಟು ಅಂತ. ಮೊದಲ ಸಲ ಓದಿದಾಗ ನಾನು ಈ ಭಾಗವನ್ನು ಬೇಗ ಬೇಗ ದಾಟಿಬಿಟ್ಟಿದ್ದೆ, ಮೇರಿಲ್ಯಾಂಡಿನ ಕಥೆಗೆ ಹೋಗುವ ಆತುರದಲ್ಲಿ. ಎರಡನೇ ಸಲ ಅಲ್ಲೇ ನಿಂತೆ. ತನ್ನ ಐದು ವರ್ಷಗಳನ್ನು ಅವರು ಒಂದು ಪುಟದಲ್ಲಿ ಮಡಚಿ ಇಟ್ಟಿದ್ದಾರೆ. ದುಡಿಮೆಯ ನೋವು ಗೊತ್ತಿರುವವರಿಗೇ ಗುಲಾಮಗಿರಿ ಅದಕ್ಕಿಂತ ಎಷ್ಟು ಬೇರೆ ಅಂತ ಅಳತೆ ಮಾಡಿ ಹೇಳಲು ಬರುತ್ತದೆ.

ಈ ಕಾದಂಬರಿಗಾಗಿ ಮೇರಿಲ್ಯಾಂಡ್ ನೋಡಬೇಕಿತ್ತು. ದುಡ್ಡಿಲ್ಲ. 'ಸರ್ವೈವರ್' ಹಸ್ತಪ್ರತಿ ಇನ್ನೂ ತಿದ್ದುವುದಿತ್ತು, ಅವರಿಗೇ ಸಮಾಧಾನ ಇರಲಿಲ್ಲ. ಆದರೂ ಅದನ್ನು ಮಾರಿ ಆ ದುಡ್ಡಿನಲ್ಲಿ ಬಸ್ಸು ಹತ್ತಿದರು. ಮುಂದೆ ಜೀವನವಿಡೀ 'ಸರ್ವೈವರ್' ಮರುಮುದ್ರಣಕ್ಕೆ ಒಪ್ಪಲಿಲ್ಲ. ಒಂದು ಪುಸ್ತಕವನ್ನು ಇನ್ನೊಂದಕ್ಕಾಗಿ ಕೊಟ್ಟುಬಿಟ್ಟರು ಅಂತಲೇ ಹೇಳಬೇಕು. ಆ ಪ್ರವಾಸದಲ್ಲಿ ಜಾರ್ಜ್ ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಎಸ್ಟೇಟಿಗೂ ಹೋದರು. ಅಲ್ಲಿ ತೋರಿಸಿ ವಿವರಿಸುವವರು 'ಗುಲಾಮರು' ಅನ್ನುವ ಮಾತನ್ನೇ ಆಡುತ್ತಿರಲಿಲ್ಲವಂತೆ. 'ಸೇವಕರು' ಅನ್ನುತ್ತಿದ್ದರಂತೆ.

'ಕಿಂಡ್ರೆಡ್' ಹಲವು ಪ್ರಕಾಶಕರಿಂದ ವಾಪಸ್ಸು ಬಂದು ಕೊನೆಗೆ 1979ರಲ್ಲಿ ಅಚ್ಚಾಯಿತು. ಇವತ್ತು ಅಮೆರಿಕದ ಕಾಲೇಜುಗಳಲ್ಲಿ ಪಠ್ಯ. ಕೊನೆಯ ಸಲ ಮನೆಗೆ ಬರುವಾಗ ಡೇನಾ ಒಂದು ಕೈ ಕಳೆದುಕೊಂಡು ಬರುತ್ತಾಳೆ. ಆ ಕಾಲಕ್ಕೆ ಹೋದವಳು ಪೂರ್ತಿಯಾಗಿ ವಾಪಸ್ಸು ಬರುವುದು ತನಗೆ ಸರಿ ಕಾಣಲಿಲ್ಲ ಅಂತ ಬಟ್ಲರ್ ಹೇಳಿದ್ದರು.

ಇನ್ನು ಬಸ್ಸಿನ ಕಥೆ. ಬಟ್ಲರ್ ಕಾರು ಓಡಿಸುತ್ತಿರಲಿಲ್ಲ. ಲಾಸ್ ಏಂಜಲೀಸ್ ಅಂದರೆ ಕಾರಿಲ್ಲದೆ ಬದುಕುವುದೇ ಕಷ್ಟ ಅನ್ನುವ ಊರು. ಅವರು ಎಲ್ಲೆಡೆ ಬಸ್ಸಿನಲ್ಲೇ ಓಡಾಡಿದರು.

1980ರ ದಶಕದ ಮೊದಲಲ್ಲಿ ಅವರ ಒಬ್ಬ ಗೆಳತಿಗೆ ಮೂಳೆ ಮಜ್ಜೆಯ ಕ್ಯಾನ್ಸರ್ ಆಯಿತು. ಬಟ್ಲರ್ ಪ್ರತಿ ಶನಿವಾರ ಬಸ್ಸಿನಲ್ಲಿ ಅವರ ಮನೆಗೆ ಹೋಗುತ್ತಿದ್ದರು. ಹೋಗುವಾಗ ಆಗ ಬರೆಯುತ್ತಿದ್ದ ಕಾದಂಬರಿಯ ಹೊಸ ಅಧ್ಯಾಯ ಕೈಯಲ್ಲಿ. 'ಕ್ಲೇಸ್ ಆರ್ಕ್' ಅದರ ಹೆಸರು. ಇನ್ನೂ ಮುಗಿದಿಲ್ಲದ ಕಾದಂಬರಿಯನ್ನು ವಾರ ವಾರ ಓದಿ ಹೇಳುತ್ತಿದ್ದರು. ಕೇಳುವವರಿಗೆ ಕಾಯಿಲೆ ಏರುತ್ತಿದೆ, ಓದುವವರ ಕಥೆ ಬೆಳೆಯುತ್ತಿದೆ. ಇದನ್ನು ನಾನು ಇನ್ನೇನೂ ಸೇರಿಸದೆ ನಿಮ್ಮ ಮುಂದಿಡುತ್ತೇನೆ.

ಹೀಗೆ ಹೋಗುವಾಗ ಒಂದು ದಿನ ಬಸ್ಸಿನಲ್ಲಿ ಜಗಳ ಹತ್ತಿತು. ಮುಟ್ಟಿದ್ದಕ್ಕೋ, ನೋಡಿದ್ದಕ್ಕೋ, ಕಾರಣವೇ ಇಲ್ಲದ ಜಗಳ. ರಕ್ತ ಬಂತು. ಮನಸ್ಸು ಮೊದಲೇ ಭಾರ ಆಗಿತ್ತು. ಮನುಷ್ಯರು ಕೈ ಎತ್ತದೆ ಒಬ್ಬರಿಗೊಬ್ಬರು ಅರ್ಥವಾಗುವಷ್ಟು ಯಾವಾಗಲಾದರೂ ಬೆಳೆಯುತ್ತಾರಾ ಅಂತ ಅನ್ನಿಸಿತು. ಆ ಕ್ಷಣಕ್ಕೆ ಒಂದು ಕಥೆಯ ಮೊದಲ ವಾಕ್ಯ ಬಂತು, ವಾಷಿಂಗ್ಟನ್ ಬುಲೆವಾರ್ಡ್ ಬಸ್ಸಿನಲ್ಲಿ ಗಲಾಟೆ ಆಗುತ್ತಿತ್ತು ಅಂತ. ಆ ಕಥೆ 'ಸ್ಪೀಚ್ ಸೌಂಡ್ಸ್'. ಯಾವುದೋ ಕಾಯಿಲೆ ಬಂದು ಜನಕ್ಕೆ ಮಾತು ಹೋಗಿದೆ. ಕೆಲವರಿಗೆ ಓದುಬರಹ ಹೋಗಿದೆ. ಮಾತು ಉಳಿದವರನ್ನು ಕಂಡರೆ ಮಾತು ಹೋದವರಿಗೆ ಹೊಟ್ಟೆಕಿಚ್ಚು. ನಾಯಕಿ ಮೊದಲು ಪಾಠ ಹೇಳುತ್ತಿದ್ದವಳು, ಬರೆಯುತ್ತಿದ್ದವಳು. ಈಗ ಅವಳಿಗೆ ತನ್ನದೇ ಮನೆಯ ಪುಸ್ತಕ ಓದಲು ಬರುವುದಿಲ್ಲ. ಒಂದೇ ದಿನದ ಕಥೆ. ಡಿಸ್ಲೆಕ್ಸಿಯಾ ಇದ್ದ ಹುಡುಗಿ, ಅಕ್ಷರವನ್ನು ಕಷ್ಟಪಟ್ಟು ತನ್ನದಾಗಿಸಿಕೊಂಡವಳು, ಅದನ್ನು ಬರೆದದ್ದು ಅನ್ನುವುದನ್ನು ಮರೆಯಬೇಡಿ. 1984ರಲ್ಲಿ ಅದಕ್ಕೆ ಹ್ಯೂಗೋ ಬಂತು. ಅವರ ಮೊದಲ ದೊಡ್ಡ ಪ್ರಶಸ್ತಿ. ಅದೇ ವರ್ಷ 'ಬ್ಲಡ್‌ಚೈಲ್ಡ್' ಅನ್ನುವ ಕಥೆ ಬಂತು. ದಕ್ಷಿಣ ಅಮೆರಿಕದಲ್ಲಿ ಒಂದು ನೊಣ ಇದೆ, ಅದರ ಮರಿಹುಳ ಮನುಷ್ಯನ ಚರ್ಮದೊಳಗೆ ಬೆಳೆಯುತ್ತದೆ. ಪೆರುವಿನ ಕಾಡಿಗೆ ಹೋಗುವುದಿತ್ತು, ಆ ಹುಳದ ಭಯ ಹತ್ತಿತ್ತು, ಭಯವನ್ನೇ ಕಥೆ ಮಾಡಿ ಇಳಿಸಿಕೊಂಡರು.

ಪ್ರಶಸ್ತಿ ಬಂದ ಮೇಲೆ ಬರೆಯುವುದು ಸಲೀಸಾಯಿತಾ? ಇಲ್ಲ. ಬಟ್ಲರ್ ತಮ್ಮ ಕಾಗದಪತ್ರ ಏನನ್ನೂ ಎಸೆದವರಲ್ಲ. ಈಗ ಅವೆಲ್ಲ ಪ್ಯಾಸಡೀನಾದ ಪಕ್ಕದಲ್ಲೇ ಇರುವ ಸ್ಯಾನ್ ಮರಿನೋದ ಹಂಟಿಂಗ್ಟನ್ ಲೈಬ್ರರಿಯಲ್ಲಿವೆ. 300ಕ್ಕೂ ಹೆಚ್ಚು ಪೆಟ್ಟಿಗೆ. ಕರಡುಗಳು, ಪತ್ರಗಳು, ದಿನಚರಿ, ಖರ್ಚಿನ ಲೆಕ್ಕ, ತಮಗೆ ತಾವೇ ಬರೆದುಕೊಂಡ ಚೀಟಿ. 1988ರಲ್ಲಿ ಒಂದು ನೋಟ್‌ಬುಕ್ಕಿನ ರಟ್ಟಿನ ಒಳಗೆ ಬರೆದುಕೊಂಡಿದ್ದಾರೆ. ನನ್ನ ಪುಸ್ತಕಗಳು ಹೆಚ್ಚು ಮಾರಾಟವಾಗುವ ಪಟ್ಟಿಗೆ ಬರುತ್ತವೆ, ಬಡ ಕಪ್ಪು ಮಕ್ಕಳನ್ನು ಕ್ಲಾರಿಯನ್ನಿಗೆ ಕಳಿಸುತ್ತೇನೆ, ಅಮ್ಮನಿಗೆ ಒಳ್ಳೆಯ ಚಿಕಿತ್ಸೆ ಕೊಡಿಸುತ್ತೇನೆ ಅಂತ. ಹೀಗೇ ಆಗಲಿ, ಹೀಗೇ ಆಗುವಂತೆ ನೋಡಿಕೋ ಅಂತ ಕೊನೆಗೆ ತನಗೇ ಅಪ್ಪಣೆ. ಅದರಲ್ಲಿ ಪಟ್ಟಿಯ ಮಾತು ನಿಜವಾದದ್ದು 2020ರ ಸೆಪ್ಟೆಂಬರಿನಲ್ಲಿ. 'ಪ್ಯಾರಬಲ್ ಆಫ್ ದ ಸೋವರ್' ಆಗ ನ್ಯೂಯಾರ್ಕ್ ಟೈಮ್ಸ್ ಪಟ್ಟಿಗೆ ಬಂತು. ಬರೆದವರು ತೀರಿಕೊಂಡು ಹದಿನಾಲ್ಕು ವರ್ಷ ಆಗಿತ್ತು.

ಆ 'ಸೋವರ್' ಬರೆಯುವಾಗ ಮೊದಲ 75 ಪುಟವನ್ನು ಎಷ್ಟೋ ಸಲ ಹರಿದು ಮತ್ತೆ ಬರೆದರು. ತೊಡಕು ಎಲ್ಲಿತ್ತು ಅಂದರೆ ನಾಯಕಿ ಲಾರೆನ್ ಜನರನ್ನು ಕಟ್ಟಿಕೊಂಡು ಮುಂದಾಳು ಆಗುವವಳು, ಅಧಿಕಾರ ಹುಡುಕುವವಳು. ಅಧಿಕಾರ ಬಯಸುವವರನ್ನು ಕಂಡರೆ ಬಟ್ಲರ್‌ಗೆ ಮೊದಲಿಂದಲೂ ಅನುಮಾನ. ಇಷ್ಟವಾಗದ ನಾಯಕಿಯ ಬಾಯಲ್ಲಿ ಕಥೆ ಹೇಗೆ ಹೇಳಿಸುವುದು? ಕೊನೆಗೆ ಪದ್ಯ ಕೈ ಹಿಡಿಯಿತು. ಲಾರೆನ್ ಕಟ್ಟುವ ಧರ್ಮದ ವಚನಗಳ ಹಾಗಿರುವ ಸಣ್ಣ ಪದ್ಯಗಳನ್ನು ಮೊದಲು ಬರೆದರು, ಗದ್ಯ ಅದರ ಹಿಂದೆ ಬಂತು. 1993ರಲ್ಲಿ ಪುಸ್ತಕ ಹೊರಬಂತು. ಕಥೆ ಶುರುವಾಗುವುದು 2024ರಲ್ಲಿ. ಸೆಕೆ, ನೀರಿಲ್ಲ, ಬೆಂಕಿ, ಗೋಡೆ ಕಟ್ಟಿಕೊಂಡು ಬದುಕುವ ಬಡಾವಣೆಗಳು. ಇದನ್ನು ಭವಿಷ್ಯವಾಣಿ ಅಂತ ಈಗ ಎಲ್ಲರೂ ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅವರು ದಿನಪತ್ರಿಕೆ ಓದಿದರು, ರೇಡಿಯೋ ಕೇಳಿದರು, ಬಸ್ಸಿನ ಕಿಟಕಿಯಿಂದ ಊರು ನೋಡಿದರು, ಹೀಗೇ ಮುಂದುವರಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದರು. ಅದು ದುಡಿಮೆ. ದಿವ್ಯದೃಷ್ಟಿ ಅಂದುಬಿಟ್ಟರೆ ಆ ದುಡಿಮೆ ಮರೆಯಾಗುತ್ತದೆ.

1995ರ ಮ್ಯಾಕ್‌ಆರ್ಥರ್ ಜೊತೆ 2,95,000 ಡಾಲರ್ ಬಂತು. ಮರುವರ್ಷ ಅಮ್ಮ ಹೋದರು. 1998ರಲ್ಲಿ ಎರಡನೇ ಭಾಗ 'ಪ್ಯಾರಬಲ್ ಆಫ್ ದ ಟ್ಯಾಲೆಂಟ್ಸ್' ಬಂತು. ಅದರಲ್ಲಿ ಲಾರೆನ್ ಮತ್ತು ಅವಳ ಮಗಳ ನಡುವಿನ ಜಗಳ ಇದೆ. ಅಮ್ಮನನ್ನು ಕ್ಷಮಿಸಲಾಗದ ಮಗಳು. ಅದನ್ನು ಓದುವಾಗ ಮೂಲೆಯಲ್ಲಿ ಕೂತು ಅಮ್ಮನ ಮೇಲೆ ಸಿಟ್ಟಾಗಿದ್ದ ಆ ಪುಟ್ಟ ಹುಡುಗಿ ನನಗೆ ಮತ್ತೆ ಕಾಣಿಸಿದಳು.

ಮೂರನೆಯದು 'ಪ್ಯಾರಬಲ್ ಆಫ್ ದ ಟ್ರಿಕ್‌ಸ್ಟರ್'. ಅದಾದ ಮೇಲೆ 'ಟೀಚರ್', 'ಕೇಯಾಸ್', 'ಕ್ಲೇ' ಅಂತ ಇನ್ನೂ ಮೂರು ಬರೆಯುವ ಯೋಚನೆ ಇತ್ತು. ಲಾರೆನ್ ಕನಸಿನಂತೆ ಜನ ಭೂಮಿ ಬಿಟ್ಟು ಬೇರೆ ಗ್ರಹಕ್ಕೆ ಹೋಗಿ ಇಳಿದಿದ್ದಾರೆ. ಗ್ರಹದ ಹೆಸರು ಬೋ. ರಾಕ್ಷಸರಿಲ್ಲ, ಯುದ್ಧವಿಲ್ಲ. ಬೂದು ಬಣ್ಣದ, ಮಂಕು ಹಿಡಿದ, ಬೇಜಾರಿನ ನೆಲ. ವಾಪಸ್ಸು ಹೋಗುವ ಹಾಗಿಲ್ಲ. ಎಲ್ಲರಿಗೂ ಊರಿನ ನೆನಪು. ನಾಯಕಿ ಇಮಾರಾ. ಒಂದು ಕರಡಿನಲ್ಲಿ ಜನಕ್ಕೆ ಕಣ್ಣು ಕಾಣದಂತಾಗುತ್ತಾ ಬರುತ್ತದೆ. ಇನ್ನೊಂದರಲ್ಲಿ ಇಲ್ಲದ್ದು ಕಾಣಿಸತೊಡಗುತ್ತದೆ. ಇಷ್ಟು ಪುಟ ಬರೆಯುವುದು, ನಿಲ್ಲಿಸುವುದು, ಮತ್ತೆ ಮೊದಲಿನಿಂದ. ಹೀಗೆ ಎಷ್ಟೋ ಶುರುಗಳು ಆ ಪೆಟ್ಟಿಗೆಗಳಲ್ಲಿವೆ. ರಕ್ತದೊತ್ತಡದ ಮಾತ್ರೆಗಳಿಂದ ಮಂಪರು, ಮನಸ್ಸಿಗೆ ಮಂಕು. ಸಿಯಾಟಲ್ ಹತ್ತಿರ ಮನೆ ಮಾಡಿದ್ದರು. ಅಲ್ಲೂ ಏಳುವುದು, ಕೂರುವುದು ಬಿಡಲಿಲ್ಲ. ಸ್ವಲ್ಪ ಹಗುರಾಗಲು ಅಂತ ರಕ್ತ ಕುಡಿಯುವವರ ಕಥೆಯೊಂದನ್ನು ಹಿಡಿದರು. ಅದು ಮುಗಿಯಿತು, 'ಫ್ಲೆಜ್ಲಿಂಗ್', 2005. ಮರುವರ್ಷ ಫೆಬ್ರವರಿ 24ರಂದು ತೀರಿಕೊಂಡರು. 58 ವರ್ಷ ಅಷ್ಟೇ.

'ಟ್ರಿಕ್‌ಸ್ಟರ್' ಮುಗಿಯಲಿಲ್ಲ ಅಂತ ಬಹಳ ಜನ ಬೇಜಾರು ಮಾಡಿಕೊಳ್ಳುತ್ತಾರೆ. ನನಗೂ ಬೇಜಾರಿದೆ. ಆದರೆ ದೊಡ್ಡ ಪ್ರಶಸ್ತಿಗಳೆಲ್ಲ ಬಂದ ಮೇಲೂ, ಇದು ಸರಿ ಬಂದಿಲ್ಲ ಅಂತ ಪಕ್ಕಕ್ಕಿಟ್ಟು ಮತ್ತೆ ಒಂದನೇ ಪುಟಕ್ಕೆ ಹೋದರಲ್ಲ, ಅದು ನನಗೆ ಇನ್ನೂ ಹತ್ತಿರದ್ದು ಅನ್ನಿಸುತ್ತದೆ. ಅರ್ಧಕ್ಕೆ ನಿಂತ ಬರಹ ಇಟ್ಟುಕೊಂಡು ಕೂತಿರುವ ಎಷ್ಟೋ ಜನ ಇಲ್ಲಿದ್ದೀರಿ, ನನಗೆ ಗೊತ್ತು.

ಬಟ್ಲರ್ ಅವರನ್ನು ಎಲ್ಲಿಂದ ಓದಲು ಶುರು ಮಾಡಬೇಕು ಅಂತ ಮಾತಿಗೆ ಮುಂಚೆ ಒಬ್ಬರು ಕೇಳಿದರು. 'ಕಿಂಡ್ರೆಡ್' ಅಂತ ಎಲ್ಲರೂ ಹೇಳುತ್ತಾರೆ, ಅದೂ ಸರಿಯೇ. ನಾನಾದರೆ 'ಸ್ಪೀಚ್ ಸೌಂಡ್ಸ್' ಅನ್ನುತ್ತೇನೆ. ಚಿಕ್ಕದು, ಒಂದೇ ಸಲ ಕೂತು ಮುಗಿಸಬಹುದು. ಆದರೆ ಮನೆಯಲ್ಲಿ ಬೇಡ. ನಾಳೆ ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಓದಿ.